ನೀರಿಗೆ ಜೀನ್ ಕೊಟ್ಟ ಕೈ

ಕಳೆದ ತಿಂಗಳು ನಮ್ಮ ವಿಭಾಗದಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ವೇದಿಕೆಯ ಮೇಲೆ ಒಂದು ಕುರ್ಚಿ, ಕುರ್ಚಿಯ ಮೇಲೆ ಅವರ ಫೋಟೋ, ಫೋಟೋಗೆ ಮಲ್ಲಿಗೆ ಹಾರ. ನನಗೆ ಅಳು ಬರಬೇಕಾದ ಹೊತ್ತಿಗೆ ನಗು ಬಂತು. ಆ ಮನುಷ್ಯ ಒಂದು ಕುರ್ಚಿಯ ಮೇಲೆ ಅಷ್ಟು ಹೊತ್ತು ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೈಕಿನ ಮುಂದೆ ಬಂದವರೆಲ್ಲ 'ಶಾಂತ ಸ್ವಭಾವದವರು', 'ಸಮಾಧಾನಿ' ಅಂತ ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಹೇಳಿ ಇಳಿದುಹೋದರು. ಶಾಂತವಂತೆ! ನೀವು ಯಾರ ಬಗ್ಗೆ ಮಾತಾಡುತ್ತಿದ್ದೀರಿ ಸ್ವಾಮಿ ಅಂತ ಎದ್ದು ಕೇಳೋಣ ಅನ್ನಿಸಿತು. ಕೇಳಲಿಲ್ಲ. ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ಅವರು ನನ್ನ ಪಿಎಚ್‌ಡಿ ಗೈಡ್. ಅವರ ಕಾಲು ನಿಲ್ಲುತ್ತಿರಲಿಲ್ಲ, ಕೈಯಂತೂ ಮೊದಲೇ ನಿಲ್ಲುತ್ತಿರಲಿಲ್ಲ. ಪಾಠ ಮಾಡುವಾಗ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ನಾವು ಹೇಳುವುದನ್ನು ಕೇಳುವಾಗ ನಮ್ಮ ಮೇಜಿನ ಮೇಲಿನ ಸ್ಟೇಪ್ಲರನ್ನೋ ಬಾಟಲಿಯ ಮುಚ್ಚಳವನ್ನೋ ಎತ್ತಿಕೊಂಡು ತಿರುಗಿಸುತ್ತಿದ್ದರು. ಎಲ್ಲಕ್ಕಿಂತ ಇಷ್ಟ ಪಿಪೆಟ್ಟು. ನಮ್ಮ ಲ್ಯಾಬಿನಲ್ಲಿ ಒಂದೊಂದು ತೊಟ್ಟು ದ್ರವವನ್ನು ಅಳೆದು ಹಾಕುವ ಪೆನ್ನಿನಂಥ ಸಾಧನ ಅದು; ತುದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಅನ್ನುತ್ತದೆ. ಯಾರದೋ ಪಿಪೆಟ್ಟನ್ನು ಕೈಗೆತ್ತಿಕೊಂಡು ಟಕ್ ಟಕ್ ಅನ್ನಿಸುತ್ತಾ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುವುದು, ಕೊನೆಗೆ ಇನ್ನಾರದೋ ಮೇಜಿನ ಮೇಲೆ ಇಟ್ಟು ಹೋಗುವುದು. ನನ್ನ ಪಿಪೆಟ್ಟು ಕಾಣದಿದ್ದರೆ ಸರ್ ಈಗಷ್ಟೇ ಯಾರ ಹತ್ತಿರ ಮಾತಾಡಿದರು ಅಂತ ಕೇಳಿಕೊಂಡು ಹೋಗಿ ಹುಡುಕುತ್ತಿದ್ದೆ.

ಮೊದಲ ಸಲ ಸಂದರ್ಶನಕ್ಕೆ ಹೋದಾಗ ನನ್ನ ಹೆಸರಿನ ಬಾಲ ನೋಡಿ ಕನ್ನಡದಲ್ಲೇ ಕೇಳಿದರು, "ಯಾವೂರವಾ?"

"ಕುಂದಾಪುರದ ಬದಿ ಸರ್. ಆದ್ರೆ ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಅಪ್ಪ ಇಲ್ಲಿ ಹೋಟೆಲಲ್ಲಿ ಕ್ಯಾಶಿಗೆ ಕೂರ್ತಾರೆ."

"ನಮ್ಮಪ್ಪ ರೈಲ್ವೆ ಗಾರ್ಡ್. ಹುಬ್ಬಳ್ಳಿಯಿಂದ ಪೆರಂಬೂರಿಗೆ ವರ್ಗ ಆಗಿ ಬಂದಾಂವ ವಾಪಸ್ ಹೋಗಲೇ ಇಲ್ಲ. ಹಂಗಾರ ಇಬ್ಬರೂ ಮದ್ರಾಸಿಗಳ. ಕುಂದ್ರು, ಕುಂದ್ರು." ನನ್ನನ್ನು ಕೂರಿಸಿ ತಾವು ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಲೇ ಪ್ರಶ್ನೆ ಕೇಳಿದರು. ಅವರ ದನಿ ಹಿಂದಿನಿಂದ ಬಂದಾಗಲೆಲ್ಲ ತಿರುಗಿ ತಿರುಗಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು.

ಒಮ್ಮೆ ಅಪ್ಪನ ಹೋಟೆಲಿಗೆ ಬಂದರು. ಟೇಬಲ್ ಖಾಲಿ ಇದ್ದರೂ ಕೌಂಟರಿನ ಪಕ್ಕ ನಿಂತುಕೊಂಡೇ ಮಸಾಲೆ ದೋಸೆ ತಿಂದರು. ಅಪ್ಪನಿಗೆ ಸಂಕಟ. "ಎಂತ ಮಾರಾಯ್ರೆ, ಬಸ್ಸು ತಪ್ಪಿ ಹೋಗುವವರ ಹಾಗೆ! ಕೂತ್ಕೊಂಡು ತಿನ್ನಿ" ಅಂದರೆ, "ಕೂತ್ರ ಹೊಟ್ಟಿ ಮಡಚತೈತ್ರೀ" ಅಂದರು. ಆಮೇಲೆ ಅಪ್ಪ ನನ್ನನ್ನು ಬದಿಗೆ ಕರೆದು, "ಇವರ ಹತ್ರ ನೀನು ಕಲೀಲಿಕ್ಕೆ ಉಂಟಾ? ಇವರು ನಿಲ್ಲುದೇ ಇಲ್ವಲ್ಲ" ಅಂತ ಮೆಲ್ಲಗೆ ಕೇಳಿದ್ದರು.

ಅವರು ಜೀವಮಾನವಿಡೀ ಹುಡುಕಿದ್ದು ಒಂದೇ ವಿಷಯ: ಜೀನ್‌ಗಳು ಇಂಟ್ರಾನ್ ಕಳೆದುಕೊಳ್ಳುವುದು ಹೇಗೆ. ಜೀನ್ ಅಂದರೆ ಪ್ರೊಟೀನ್ ತಯಾರಿಸಲು ಬೇಕಾದ ಒಂದು ಬರಹ ಅಂದುಕೊಳ್ಳಿ. ಆ ಬರಹದ ಮಧ್ಯೆ ಮಧ್ಯೆ ಪ್ರೊಟೀನಿಗೆ ಬೇಡದ ಉದ್ದುದ್ದ ತುಂಡುಗಳು ಸೇರಿಕೊಂಡಿರುತ್ತವೆ. ಅವೇ ಇಂಟ್ರಾನ್. ಜೀವಕೋಶ ಮೊದಲು ಇಡೀ ಬರಹವನ್ನು ನಕಲು ಮಾಡಿಕೊಂಡು, ಆ ನಕಲಿನಿಂದ ಇಂಟ್ರಾನ್‌ಗಳನ್ನು ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಜೋಡಿಸಿ ಕೆಲಸಕ್ಕೆ ಇಳಿಸುತ್ತದೆ. ಪುಸ್ತಕದಲ್ಲಿ ಇದನ್ನು ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಅವರು ಹೇಳಿದ್ದು ಹೀಗೆ:

"ನಮ್ಮ ಅತ್ತಿ ಫೋನಿನ್ಯಾಗ ಕಟ್ಟಿನ ಸಾರು ಹೇಳಿಕೊಡತಾಳ. ಬ್ಯಾಳಿ ಕಟ್ಟು ತಗೋ ಅಂತಾಳ, ಆಮ್ಯಾಲ ಬಾಜೂ ಮನಿ ಸೊಸಿ ಸುದ್ದಿ. ಹುಣಸಿಹಣ್ಣು ಹಿಂಡು ಅಂತಾಳ, ಆಮ್ಯಾಲ ತನ್ನ ಮೊಣಕಾಲು ನೋವು. ನೀ ಬರಕೊಳ್ಳೂದು ಬರೇ ಸಾರು. ಸೊಸಿ, ಮೊಣಕಾಲು ಎಲ್ಲಾ ಬಿಟ್ಟಬಿಡತಿ, ಹೌದಿಲ್ಲೋ? ಆದ್ರ ಅತ್ತಿ ತಲ್ಯಾಗ ಅದು ಪೂರಾ ಹಂಗ ಇರತೈತಿ. ಈಗ ನೀ ಬರಕೊಂಡ ಚೀಟಿನ ಅತ್ತಿ ತಲ್ಯಾಗ ಹಳೇದರ ಜಾಗಾಕ್ಕ ಇಟ್ಟಬಿಟ್ರ? ಮುಂದ ಆಕಿ ಮೊಮ್ಮಕ್ಕಳಿಗೆ ಹೇಳೂದೂ ಬರೇ ಸಾರು. ಸೊಸಿನೂ ಇಲ್ಲ, ಮೊಣಕಾಲೂ ಇಲ್ಲ. ಇಷ್ಟ ನೋಡು ಇಂಟ್ರಾನ್ ಹೋಗೂದಂದ್ರ."

ನಿಜಕ್ಕೂ ಅಷ್ಟೇ. ಕತ್ತರಿಸಿ ಜೋಡಿಸಿದ ಆ ನಕಲು ಎಂದೋ ಒಮ್ಮೆ ಹಿಮ್ಮುಖವಾಗಿ ಮತ್ತೆ ಡಿಎನ್‌ಎ ಆಗಿ, ಹಳೆಯ ಜೀನಿನ ಜಾಗದಲ್ಲೇ ಕೂತುಬಿಡುತ್ತದೆ. ಈ ಹಿಮ್ಮುಖ ನಕಲು ಬಾಲದಿಂದ ಶುರುವಾಗುತ್ತದೆ, ಎಷ್ಟೋ ಸಲ ತಲೆ ಮುಟ್ಟುವ ಮೊದಲೇ ಸುಸ್ತಾಗಿ ನಿಂತುಹೋಗುತ್ತದೆ. ಹಾಗಾಗಿ ಬಾಲದ ಕಡೆಯ ಇಂಟ್ರಾನ್‌ಗಳು ಮೊದಲು ಹೋಗುತ್ತವೆ, ಅಕ್ಕಪಕ್ಕದವು ಜೊತೆಯಾಗಿ ಹೋಗುತ್ತವೆ. ಇದು ಮೊಟ್ಟೆಯನ್ನೋ ವೀರ್ಯವನ್ನೋ ಕೊಡುವ ಕೋಶದಲ್ಲೇ ನಡೆದರೆ ಮಾತ್ರ ಮುಂದಿನ ಪೀಳಿಗೆಗೆ ದಾಟುತ್ತದೆ. ಹೀಗೆ ಹೋಗಿ ಹೋಗಿ, ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಬಹುಪಾಲು ಜೀನ್‌ಗಳಿಗೆ ಇಂಟ್ರಾನೇ ಇಲ್ಲ. ನಮ್ಮಲ್ಲಿ ಬೇಕಾದಷ್ಟಿವೆ.

ಅವರ ಹಪಾಹಪಿ ಬೇರೆಯೇ ಇತ್ತು. ಹತ್ತಿರದ ಸಂಬಂಧಿ ಪ್ರಾಣಿಗಳಲ್ಲೆಲ್ಲ ಒಂದು ಇಂಟ್ರಾನ್ ಇದ್ದು, ಒಂದರಲ್ಲಿ ಮಾತ್ರ ಇಲ್ಲದಿದ್ದರೆ, ಕಳೆದುಕೊಂಡದ್ದು ಅದೇ ಅಂತ ನಾವು ತೀರ್ಮಾನಿಸುತ್ತೇವೆ. ಆದರೆ ಕಳೆದದ್ದು ಯಾವ ಕಾಲದಲ್ಲೋ. "ನಾವು ಯಾವಾಗಲೂ ಮಣ್ಣು ಮಾಡಿ ಮುಗಿಸಿದಮ್ಯಾಲ ಹೋಗತೀವಿ" ಅನ್ನುತ್ತಿದ್ದರು. "ಒಂದ ಒಂದು ಸಲ ಅದು ಹೊಂಟಾಗ ನಾ ಅಲ್ಲೆ ಇರಬೇಕವಾ. ಅರ್ಧ ಹೋಗಿ ಅರ್ಧ ಉಳದಿದ್ದನ್ನ ನೋಡಬೇಕು." ಅಂದರೆ ಒಂದೇ ಊರಿನ ಒಂದೇ ಜಾತಿಯ ಪ್ರಾಣಿಗಳಲ್ಲಿ ಇಂಟ್ರಾನ್ ಇರುವ ರೂಪವೂ ಇಲ್ಲದ ರೂಪವೂ ಎರಡೂ ಓಡಾಡುತ್ತಿರಬೇಕು. ಅದನ್ನು ಕಂಡೇ ನಿವೃತ್ತನಾಗಬೇಕು ಅಂತ ಅವರ ಹಟ. ನಿವೃತ್ತಿ ಹತ್ತಿರ ಬಂದಷ್ಟೂ ಟಕ್ ಟಕ್ ಜೋರಾಯಿತು.

ಇಲ್ಲಿನ ಕನ್ನಡ ಸಂಘದವರು ಒಮ್ಮೆ ಅವರನ್ನು ಭಾಷಣಕ್ಕೆ ಕರೆದಿದ್ದರು. ಮಾತು ಮುಗಿದ ಮೇಲೆ ಒಬ್ಬರು ಎದ್ದು, ಮದ್ರಾಸಿನ ನಮ್ಮ ಮಕ್ಕಳ ಬಾಯಿಂದ ಕನ್ನಡ ಹೋಗುತ್ತಿರುವುದೂ ಒಂಥರಾ ಇಂಟ್ರಾನ್ ಹೋದ ಹಾಗೇ ಅಲ್ಲವೇ ಅಂತ ಬಹಳ ಭಾವುಕರಾಗಿ ಕೇಳಿದರು. ಸಭೆಯೆಲ್ಲ ತಲೆದೂಗಿತು. ಇವರು ವೇದಿಕೆಯ ಆ ತುದಿಯಿಂದ ಈ ತುದಿಗೆ ಬಂದು, "ಅಲ್ರೀ. ಇಂಟ್ರಾನ್ ತಾನ ಹೋಗತೈತಿ. ಹುಡುಗರ ಕನ್ನಡ ನಾವು ಮನ್ಯಾಗ ಮಾತಾಡದ್ದಕ್ಕ ಹೋಗತೈತಿ. ನಮ್ಮ ತಪ್ಪನ್ನ ಜೀನಿನ ಮ್ಯಾಲ ಹಾಕಬ್ಯಾಡ್ರಿ" ಅಂದರು. ಮುಂದೆ ಅವರನ್ನು ಯಾರೂ ಕರೆಯಲಿಲ್ಲ.

ನಾನು ಸೇರಿದಾಗ ಅವರು ಹಿಡಿದುಕೊಂಡಿದ್ದ ಪ್ರಾಣಿ ನೀರಿನ ಚಿಗಟ. ಹೆಸರಿಗಷ್ಟೇ ಚಿಗಟ, ಅದು ಸೀಗಡಿಯ ದೂರದ ನೆಂಟ, ಸಾಸಿವೆಗಿಂತ ಚಿಕ್ಕದು. ಮೀನು ಸಾಕುವವರು ಮೀನಿಗೆ ಹಾಕುವುದು ಇದನ್ನೇ. ನೀರು ಚೆನ್ನಾಗಿರುವಷ್ಟು ಕಾಲ ಹೆಣ್ಣು ಗಂಡಿನ ಸಹವಾಸವಿಲ್ಲದೆ ತನ್ನ ಹಾಗೇ ಇರುವ ಹೆಣ್ಣುಮರಿಗಳನ್ನು ಹಾಕುತ್ತಲೇ ಇರುತ್ತದೆ. ಊರಿನ ಬೇರೆ ಬೇರೆ ಕೆರೆಗಳಿಂದ ನಾನು ಹಿಡಿದು ತರುತ್ತಿದ್ದೆ. ವೇಲಚೇರಿಯ ಕೆರೆಯದನ್ನು ಮಾತ್ರ ಅವರೇ ತರುತ್ತಿದ್ದರು. ಅವರ ಫ್ಲ್ಯಾಟು ಅಲ್ಲೇ ಇತ್ತು, ಬೆಳಿಗ್ಗೆ ವಾಕಿಂಗ್ ಮುಗಿಸಿ ಬಾಟಲಿ ತುಂಬಿಸಿಕೊಂಡು ಬಂದುಬಿಡುತ್ತಿದ್ದರು. ತಂದವರು ಸುಮ್ಮನೆ ಕೊಡಬಾರದೇ? ಇಲ್ಲ. ಆ ಪ್ರಾಣಿಯನ್ನು ಅರೆದು ಡಿಎನ್‌ಎ ತೆಗೆಯುವ ಮೊದಲ ಹೆಜ್ಜೆ ತಾವೇ ಮಾಡಬೇಕು. "ಇದೊಂದು ನಾ ಮಾಡತೀನವಾ, ಮುಂದಿಂದು ನಿಂದು" ಅನ್ನುತ್ತಿದ್ದರು, ಮಿಠಾಯಿ ಕೇಳುವ ಹುಡುಗನ ಹಾಗೆ.

ಆಮೇಲೆ ಒಂದು ದಿನ ಅದು ಕಂಡಿತು. ನಾವು ಹುಡುಕಲು ಆರಿಸಿಕೊಂಡ ಒಂದು ಜೀನಿನ ತುಂಡನ್ನು ಯಂತ್ರದಲ್ಲಿ ಕೋಟ್ಯಂತರ ನಕಲು ಮಾಡಿ, ಜೆಲ್ ಎಂಬ ಅಂಟು ಹಾಳೆಯಲ್ಲಿ ಓಡಿಸಿ, ನೇರಳೆ ಬೆಳಕಿನಲ್ಲಿ ನೋಡುತ್ತೇವೆ. ಉದ್ದನೆಯ ತುಂಡು ನಿಧಾನವಾಗಿ ಹೋಗಿ ಮೇಲೆಯೇ ನಿಂತು ಪಟ್ಟಿಯ ಹಾಗೆ ಹೊಳೆಯುತ್ತದೆ, ಗಿಡ್ಡದ್ದು ಕೆಳಗೆ ಇಳಿದಿರುತ್ತದೆ. ಬೇರೆ ಕೆರೆಗಳ ಪ್ರಾಣಿಗಳೆಲ್ಲ ಮೇಲೆ. ವೇಲಚೇರಿಯವು ಕೆಳಗೆ! ಬಾಲದ ಕಡೆಯ ಅಕ್ಕಪಕ್ಕದ ಎರಡು ಇಂಟ್ರಾನ್ ಚೊಕ್ಕವಾಗಿ ಮಾಯ. ಅವರು ಕಾರಿಡಾರಿನಲ್ಲಿ ಓಡಿದರು. ನಿಜವಾಗಿಯೂ ಓಡಿದರು, ಆ ವಯಸ್ಸಿನಲ್ಲಿ, ಲ್ಯಾಬ್ ಕೋಟಿನಲ್ಲಿ. ಅದೇ ವಾರದಲ್ಲಿ ಸಂಶೋಧನಾ ಪತ್ರಿಕೆಗೆ ಲೇಖನ ಬರೆಯಲು ಕೂತೆವು, ಅಂದರೆ ನಾನು ಕೂತೆ, ಅವರು ನಡೆದಾಡಿದರು. ನನ್ನ ಫೆಲೋಶಿಪ್ ಮುಗಿಯಲಿಕ್ಕೆ ಬಂದಿತ್ತು. ಈ ಲೇಖನ ಬಂದರೆ ನನಗೆ ಡಿಗ್ರಿ, ಅವರಿಗೆ ಜನ್ಮ ಸಾರ್ಥಕ. ಲೇಖನ ಕಳಿಸಿಯೂ ಆಯಿತು.

ಅಷ್ಟರಲ್ಲಿ ಅವರು ಯಾರದೋ ಮದುವೆಗೆ ಅಂತ ಹುಬ್ಬಳ್ಳಿಗೆ ಹೋದರು. ಪತ್ರಿಕೆಯವರು ಇನ್ನಷ್ಟು ಪ್ರಾಣಿ ನೋಡಿ ಅಂದಿದ್ದರಿಂದ ವೇಲಚೇರಿಯ ಬಾಟಲಿಯಿಂದ ನಾನೇ ಹಿಡಿದು, ನಾನೇ ಅರೆದು ನೋಡಿದೆ. ಪಟ್ಟಿಗಳೆಲ್ಲ ಮೇಲೆ. ಇಂಟ್ರಾನ್ ಗಟ್ಟಿಯಾಗಿ ಅಲ್ಲೇ ಕೂತಿತ್ತು. ನಾನೇ ಎಲ್ಲೋ ಎಡವಟ್ಟು ಮಾಡಿದೆ ಅಂದುಕೊಂಡೆ. ಅವರು ಬಂದು ಅರೆದರು, ಇಂಟ್ರಾನ್ ಹೋಯಿತು. ಮುಂದಿನ ತಿಂಗಳು ಯಾವುದೋ ಕಮಿಟಿಗೆ ದೆಹಲಿಗೆ ಹೋದರು, ಇಂಟ್ರಾನ್ ಮತ್ತೆ ಬಂತು.

ನಮ್ಮ ಲ್ಯಾಬಿನಲ್ಲಿ ಇನ್ನೊಂದು ವಸ್ತು ಇತ್ತು ಎಂದು ಹೇಳಬೇಕು. ಅದೇ ಜೀನಿನ, ಇಂಟ್ರಾನ್ ಕತ್ತರಿಸಿ ಜೋಡಿಸಿದ ನಕಲು. ಹೋಲಿಸಿ ನೋಡಲು ನಾವೇ ಮಾಡಿ ಇಟ್ಟುಕೊಂಡದ್ದು, ಟ್ಯೂಬುಗಟ್ಟಲೆ. ಅದರ ಕಣ್ಣಿಗೆ ಕಾಣದ ಒಂದು ಹನಿ ಪ್ರಾಣಿಯ ಡಿಎನ್‌ಎಗೆ ಬಿದ್ದರೂ ಸಾಕು, ಗಿಡ್ಡ ತುಂಡು ಬೇಗ ಬೇಗ ನಕಲಾಗಿ ಉದ್ದದ್ದನ್ನು ಹಿಂದೆ ಹಾಕಿಬಿಡುತ್ತದೆ. ಆಗ ಇಂಟ್ರಾನ್ ಕಳೆದುಹೋದ ಹಾಗೇ ಕಾಣುತ್ತದೆ. ಅದಕ್ಕೇ ಆ ಟ್ಯೂಬುಗಳಿಗೆ ಬೇರೆ ಕೋಣೆ. ಆ ಕೋಣೆಗೆ ಹೋದವರು ಅವತ್ತು ಪ್ರಾಣಿ ಅರೆಯುವ ಕೋಣೆಗೆ ಕಾಲಿಡಬಾರದು, ಅಲ್ಲಿಂದ ಒಂದು ಕಡ್ಡಿಯೂ ಇಲ್ಲಿಗೆ ಬರಬಾರದು. ಈ ನಿಯಮ ಮಾಡಿದವರು ಅವರೇ, ಮುರಿದವರನ್ನು ಕೂಗಾಡಿ ಬೈದವರೂ ಅವರೇ. ಆದರೆ ಮಾತಿನ ಭರದಲ್ಲಿ ಆ ಕೋಣೆಯ ಪಿಪೆಟ್ಟನ್ನು ಕೈಯಲ್ಲಿ ಟಕ್ ಟಕ್ ಅನ್ನಿಸುತ್ತಾ ಈ ಕೋಣೆಗೆ ಬರುವ ಕೈಗೆ ಯಾವ ನಿಯಮ ಗೊತ್ತು?

ಗುರುಗಳಿಗೆ ಇದನ್ನು ಹೇಗೆ ಹೇಳುವುದು? ಎರಡು ದಿನ ಒದ್ದಾಡಿದೆ. ಕೊನೆಗೆ ಅವರು ಕಾರಿಡಾರಿನಲ್ಲಿ ಎದುರಾದಾಗ ತಡೆಯಲಾಗದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಸರ್, ನೀವು ಊರಲ್ಲಿ ಇಲ್ಲದಾಗ ಇಂಟ್ರಾನ್ ಇರ್ತದೆ."

"ಏನಂದಿ?"

"ನೀವು ಅರೆದ್ರೆ ಹೋಗ್ತದೆ ಸರ್. ನಾನು ಅರೆದ್ರೆ ಇರ್ತದೆ."

ಹೆಬ್ಬೆರಳು ಪಿಪೆಟ್ಟಿನ ಗುಂಡಿಯ ಮೇಲೇ ನಿಂತುಬಿಟ್ಟಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ಬಾ" ಅಂತ ನನ್ನನ್ನು ಕರೆದುಕೊಂಡು ಹೋಗಿ ಟ್ಯೂಬುಗಳನ್ನು ಸಾಲಾಗಿ ಇಟ್ಟರು. ಪ್ರಾಣಿಯೇ ಇಲ್ಲದೆ, ಬರೀ ಶುದ್ಧ ನೀರನ್ನು, ಪ್ರಾಣಿಯನ್ನು ಅರೆಯುವ ಹಾಗೇ ಮೊದಲ ಹೆಜ್ಜೆಯಿಂದ ಅರ್ಧದಷ್ಟು ಟ್ಯೂಬು ಅವರು ಮಾಡಿದರು, ಉಳಿದದ್ದು ನಾನು. ಕಲಬೆರಕೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಪ್ರತಿ ಸಲವೂ ಇಡುವ ನೀರಿನ ಟ್ಯೂಬನ್ನು ಅಲ್ಲಿವರೆಗೆ ನಾನು ಕೊನೆಯ ಹೆಜ್ಜೆಯಲ್ಲಿ ಸೇರಿಸುತ್ತಿದ್ದೆ, ಹಾಗಾಗಿ ಅದು ಯಾವಾಗಲೂ ಖಾಲಿಯೇ ಬರುತ್ತಿತ್ತು, ನಾವೂ ನಿಶ್ಚಿಂತೆಯಿಂದ ಇದ್ದೆವು. ಸಂಜೆ ನೇರಳೆ ದೀಪ ಹಾಕಿದೆವು. ನನ್ನ ನೀರಿನಲ್ಲಿ ಏನೂ ಇಲ್ಲ. ಅವರ ನೀರಿನಲ್ಲಿ ಕೆಳಗೆ, ಒಂದರ ಪಕ್ಕ ಒಂದು, ಪಳಪಳ ಹೊಳೆಯುವ ಪಟ್ಟಿಗಳು.

"ನೀರಿಗೂ ಜೀನ್ ಕೊಟ್ಟಬಿಟ್ಟೆ ನೋಡವಾ" ಅಂದರು. ಕೋಟು ಬಿಚ್ಚಿ ಬಾಗಿಲಿನ ಮೊಳೆಗೆ ಹಾಕಿದರು. ಮತ್ತೆ ಅದನ್ನು ತೊಡಲಿಲ್ಲ.

ಮರುದಿನವೇ ಪತ್ರಿಕೆಗೆ ಬರೆದು ಲೇಖನ ವಾಪಸ್ ತೆಗೆದುಕೊಂಡರು. ನನ್ನನ್ನು ಒಂದು ಮಾತು ಕೇಳಲಿಲ್ಲ. ವಿಭಾಗದ ಎಲ್ಲರನ್ನೂ ಸೇರಿಸಿ, ಆ ಜೆಲ್ಲಿನ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಇದು ನನ್ನ ಕೈ, ಇವಳದ್ದು ಏನೂ ತಪ್ಪಿಲ್ಲ ಅಂದರು. ಎಲ್ಲರೂ ಎಂಥಾ ಪ್ರಾಮಾಣಿಕತೆ ಅಂತ ಹೊಗಳಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರಾಮಾಣಿಕತೆ ಅವರದ್ದು, ಹೋದದ್ದು ನನ್ನ ವರ್ಷಗಳು! ರೂಮಿಗೆ ನುಗ್ಗಿ, "ಸರ್, ನೀವೇನೋ ರಿಟೈರ್ ಆಗ್ತೀರಿ. ನಾನು ಎಂತ ಮಾಡ್ಲಿ?" ಅಂತ ಕಿರುಚಿಯೇ ಬಿಟ್ಟೆ. ನಾನು ಕಿರುಚಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ, ಕಿರುಚಲೇಬೇಕಿತ್ತು. ಅವರು ಗೋಡೆಗೆ ಒರಗಿ ನಿಂತು, "ಮತ್ತೊಮ್ಮೆ ಮಾಡೂದು. ನನ್ನ ಬಿಟ್ಟು ಮಾಡೂದು" ಅಂದರು.

ಹಾಗೆ ಶುರುವಾದದ್ದು ಅಂಬತ್ತೂರಿನ ಓಡಾಟ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಉಪ್ಪಿನಕಾಯಿ, ಮಸಾಲೆ ಪುಡಿಗಳನ್ನು ಪರೀಕ್ಷೆ ಮಾಡುವ ಒಂದು ಚಿಕ್ಕ ಲ್ಯಾಬು. ಅವರ ಹಳೆಯ ಶಿಷ್ಯೆಯೊಬ್ಬಳು ನಡೆಸುತ್ತಿದ್ದಳು, ಒಂದು ಮೇಜು ಬಿಟ್ಟುಕೊಟ್ಟಳು. ನಮ್ಮ ಟ್ಯೂಬಿನ ಗಾಳಿಯೂ ತಾಗದ ಜಾಗ ಅದು. ವೇಲಚೇರಿಯಿಂದ ಎರಡು ರೈಲು ಬದಲಿಸಿ ಹೋಗಬೇಕು. ಅವರೂ ಬರುತ್ತಿದ್ದರು. ಬೇಡ ಸರ್ ಅಂದರೂ ಬರುತ್ತಿದ್ದರು. ರೈಲಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಲ್ಲುವುದು. ನನ್ನ ಕೈಯಲ್ಲಿ ಚಿಗಟದ ಬಾಟಲಿ, ಹೆಗಲಲ್ಲಿ ಚೀಲ, ಇನ್ನೊಂದು ಚೀಲ ಕಾಲ ಹತ್ತಿರ. ಯಾವುದನ್ನೂ ಅವರು ಮುಟ್ಟುತ್ತಿರಲಿಲ್ಲ. ಪಕ್ಕದ ಹೆಂಗಸರು ಈ ಗಂಡಸು ಎಂಥವನು ಅನ್ನುವ ಹಾಗೆ ನೋಡುತ್ತಿದ್ದರು. ಎಳನೀರು ಕೊಡಿಸಿದರೂ, ಮಾರುವವನ ಕೈಯಿಂದ ನೇರ ನನ್ನ ಕೈಗೆ ಕೊಡಿಸುತ್ತಿದ್ದರು.

ಕೆರೆಗೂ ಹಾಗೇ. ನಾನು ಬಲೆ ಹಿಡಿದು ಕೆಸರಿನಲ್ಲಿ ನಿಂತರೆ ಅವರು ರಸ್ತೆಯ ಮೇಲೆ ನಿಂತು, "ಆ ಕಡೆ, ಪಾಚಿ ಇದ್ದಲ್ಲೆ, ಇನ್ನೂ ಸ್ವಲ್ಪ ಎಡಕ್ಕ" ಅಂತ ಕೂಗುವುದು. ಫ್ಲ್ಯಾಟಿನವರು ಬಾಲ್ಕನಿಗೆ ಬಂದು ನೋಡುವುದು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕೈಯಿಂದ ಇನ್ನೊಂದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು ನಡೆಯುವುದು ಅವರಿಗೆ ಆಗಲೇ ಅಭ್ಯಾಸವಾಯಿತು. ನೋಡಲಿಕ್ಕೆ ಸಂಕಟವಾಗುತ್ತಿತ್ತು.

ಅಂಬತ್ತೂರಿನ ಆ ಗೇಟಿನೊಳಗೆ ಅವರು ಕಾಲಿಡಲಿಲ್ಲ. ಎದುರಿನ ಟೀ ಅಂಗಡಿಯ ಮುಂದೆ, ಲಾರಿಗಳ ಧೂಳಿನಲ್ಲಿ, ನಾನು ಹೊರಗೆ ಬರುವವರೆಗೆ ಓಡಾಡುತ್ತಿದ್ದರು. ಟೀ ಅಂಗಡಿಯವನಿಗೆ ಇದು ಯಾವುದೋ ಕೆಲಸದ ಇಂಟರ್‌ವ್ಯೂ, ಮಗಳಿಗೆ ಕೆಲಸವೇ ಸಿಗುತ್ತಿಲ್ಲ ಅಂತ ಅನ್ನಿಸಿರಬೇಕು. ಒಂದು ದಿನ ಮೆಲ್ಲಗೆ, "ಅಪ್ಪಾವಾ?" ಅಂತ ಕೇಳಿದ. "ಆಮಾ" ಅಂದೆ. ಅಲ್ಲ ಅಂತ ವಿವರಿಸುವಷ್ಟು ತ್ರಾಣ ಇರಲಿಲ್ಲ. ಅಲ್ಲದೆ, ಅಲ್ಲ ಅನ್ನಲು ಮನಸ್ಸೂ ಬರಲಿಲ್ಲ.

ಒಂದು ಸಲ ಮಾತ್ರ ಗೇಟಿನ ತನಕ ಬಂದರು. ನಾನು ಒಳಗೆ ಹೊಸ ಪ್ರಾಣಿಗಳನ್ನು ಅರೆಯಲು ಶುರು ಮಾಡಿದ್ದೆ. ಕಿಟಕಿಯಿಂದ ನೋಡಿದರೆ, ಗೇಟಿನ ಸರಳು ಹಿಡಿದುಕೊಂಡು ನಿಂತಿದ್ದಾರೆ. ಹೊರಗೆ ಓಡಿ ಹೋದೆ.

"ಎಂತ ಸರ್? ಹುಷಾರಿಲ್ವಾ?"

"ಏನಿಲ್ಲ. ಒಂದ ನಿಮಿಷ ಕಿಡಕಿಯಿಂದ ನೋಡ್ಲೇನು? ಕೈ ಕಿಸೇದಾಗ ಇಟ್ಟಕೊಂಡಿರತೀನಿ."

"ಬೇಡ ಸರ್" ಅಂದೆ.

"ಹೂಂ. ಬ್ಯಾಡ. ನೀ ಹೇಳೂದು ಖರೇ ಐತಿ." ತಿರುಗಿ ಟೀ ಅಂಗಡಿಗೆ ನಡೆದರು. ಅವರ ಬೆನ್ನು ನೋಡುತ್ತಾ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಆದರೂ ಒಳಗೆ ಬಿಡುವುದು ಸಾಧ್ಯವಿರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ತಿಂಗಳುಗಳು ಹೋದವು. ಪಟ್ಟಿಗಳೆಲ್ಲ ಮೇಲೆ. ಆ ಕೆರೆಯ ಯಾವ ಪ್ರಾಣಿಯೂ ಏನನ್ನೂ ಕಳೆದುಕೊಂಡಿರಲಿಲ್ಲ. ಈ ನಡುವೆ ಅವರ ನಿವೃತ್ತಿಯೂ ಆಗಿಹೋಯಿತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಆಮೇಲೂ ರೈಲಿಗೆ ಬರುತ್ತಿದ್ದರು, ಮೊದಲಿಗಿಂತ ಬೇಗ ಬಂದು ಪ್ಲ್ಯಾಟ್‌ಫಾರ್ಮಿನ ಉದ್ದಕ್ಕೂ ನಡೆಯುತ್ತಿದ್ದರು. ನಾನು ಗೇಟಿನಿಂದ ಹೊರಬರುತ್ತಲೇ, "ಮ್ಯಾಲೇನ?" ಅಂತ ಕೇಳುವುದು. ನಾನು ಹೌದು ಅಂತ ತಲೆ ಆಡಿಸುವುದು. "ಪರವಾಯಿಲ್ಲ, ಪರವಾಯಿಲ್ಲ" ಅನ್ನುವುದು. ಅವರಿಗೆ ಸಮಾಧಾನ ಹೇಳಬೇಕಾದಾಗ ಯಾವಾಗಲೂ ತಮಿಳೇ ಬರುತ್ತಿತ್ತು.

ಒಂದು ಸೋಮವಾರ ಅವರು ಸ್ಟೇಷನ್ನಿಗೆ ಬರಲಿಲ್ಲ. ಹೃದಯದ ತೊಂದರೆ, ಕೀಲ್ಪಾಕಿನ ಆಸ್ಪತ್ರೆಗೆ ಸೇರಿಸಿದ್ದೇವೆ ಅಂತ ಅವರ ಹೆಂಡತಿ ಫೋನ್ ಮಾಡಿದರು. ಹೋಗಿ ನೋಡಿದರೆ ಮಾತಾಡುವಷ್ಟೂ ಉಸಿರಿಲ್ಲ, ಆದರೂ ಹುಬ್ಬು ಎತ್ತಿ ಕೇಳಿದ್ದು ಅದನ್ನೇ. ತಲೆ ಆಡಿಸಿ ಬಂದೆ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತು ಜೋರಾಗಿ ಅತ್ತೆ. ಇನ್ನು ಆ ಕೆರೆಗೆ ಹೋಗುವುದಿಲ್ಲ, ಇದ್ದ ಮೇಲಿನ ಪಟ್ಟಿಗಳನ್ನೇ ಬರೆದು ಹೇಗೋ ಪ್ರಬಂಧ ಮುಗಿಸಿಬಿಡುತ್ತೇನೆ ಅಂತ ನಿಶ್ಚಯಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ಬಲೆ ತೆಗೆದುಕೊಂಡು ಹೋದೆ. ಅವರ ಚಡಪಡಿಕೆ ಅಷ್ಟು ಹೊತ್ತಿಗೆ ನನಗೇ ಅಂಟಿಕೊಂಡಿತ್ತು, ಮನೆಯಲ್ಲಿ ಕೂರಲಾಗಲಿಲ್ಲ.

ಆ ಬಾಟಲಿಯಲ್ಲಿ ಅದು ಸಿಕ್ಕಿತು. ಒಂದು ತಾಯಿಚಿಗಟ. ಅದನ್ನು ಬೇರೆ ಲೋಟದಲ್ಲಿ ಸಾಕಿ, ಮರಿ ಹಾಕಿಸಿ, ಒಂದು ಮರಿಯನ್ನು ಅರೆದು ನೋಡಿದರೆ ಜೆಲ್ಲಿನಲ್ಲಿ ಎರಡು ಪಟ್ಟಿ. ಮೇಲೊಂದು, ಕೆಳಗೊಂದು. ಪ್ರತಿ ಜೀನಿಗೂ ಇರುವ ಎರಡು ಪ್ರತಿಗಳಲ್ಲಿ ಒಂದರಲ್ಲಿ ಇಂಟ್ರಾನ್ ಇದೆ, ಇನ್ನೊಂದರಲ್ಲಿ ಹೋಗಿದೆ. ಒಂದೇ ಪ್ರಾಣಿಯ ಮೈಯೊಳಗೆ ಅರ್ಧ ಹೋಗಿ ಅರ್ಧ ಉಳಿದಿದೆ. ನನಗೆ ಖುಷಿಯಾಗಲಿಲ್ಲ, ಭಯವಾಯಿತು. ಇದೂ ಕಲಬೆರಕೆ ಆಗಿದ್ದರೆ? ಹೊಸ ಪಿಪೆಟ್ಟು, ಹೊಸ ಟ್ಯೂಬು, ಹೊಸ ಕೈಗವಸು. ಅದರ ಅಕ್ಕತಂಗಿಯರನ್ನು ಒಂದೊಂದಾಗಿ ನೋಡಿದೆ. ಎಲ್ಲರಲ್ಲೂ ಎರಡು ಪಟ್ಟಿ. ಕೆಳಗಿನ ಪಟ್ಟಿಯ ಡಿಎನ್‌ಎಯನ್ನು ಅಕ್ಷರ ಅಕ್ಷರ ಓದಿಸಿದೆ, ಬಾಲದ ಕಡೆಯ ಇಂಟ್ರಾನ್ ಚೊಕ್ಕವಾಗಿ ಹೋಗಿತ್ತು. ಆಗ ಮಾತ್ರ ಕೀಲ್ಪಾಕಿಗೆ ಹೋದೆ.

ಅವರ ಹೆಂಡತಿ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಗಟ್ಟಿ ಹೆಂಗಸು. ನನ್ನನ್ನು ಕಂಡು, "ವಾಮ್ಮಾ. ಬೆಳಿಗ್ಗಿಂದ ಕೈ ಸುಮ್ನ ಇಟ್ಟಿಲ್ಲ ನೋಡು. ಸೂಜಿ ಕಿತ್ತಕೋತಾರ, ನರ್ಸ್ ಬೈದು ಬೈದು ಸಾಕಾಗ್ಯಾಳ" ಅಂದರು. ಸರ್ ದಿಂಬಿಗೆ ಒರಗಿಕೊಂಡಿದ್ದರು. ನನ್ನ ಮುಖ ನೋಡಿದವರೇ ಎದ್ದು ಕೂರಲು ಹೋದರು.

ಫೋನಿನಲ್ಲಿ ಚಿತ್ರ ತೆರೆದು ಕೊಟ್ಟೆ. ಸೂಜಿ ಇಲ್ಲದ ಕೈ ಚಾಚಿದವರು ಅರ್ಧದಲ್ಲೇ ಹಿಂದಕ್ಕೆಳೆದುಕೊಂಡು ಹೊದಿಕೆಯ ಕೆಳಗೆ ಇಟ್ಟರು.

"ನೀನ ಹಿಡಿ. ನಾ ನೋಡತೀನಿ."

"ಫೋನು ಸರ್ ಇದು! ಫೋನಿಗೆ ಎಂತ ಆಗ್ತದೆ?"

"ಇರಲಿ. ನೀನ ಹಿಡಿ."

ಅವರ ಕಣ್ಣಿನ ಮುಂದೆ ಹಿಡಿದೆ. ಮೇಲೊಂದು, ಕೆಳಗೊಂದು. "ಎರಡೂ ಅದಾವ" ಅಂದರು. ನನ್ನ ಕಡೆ ತಿರುಗಿ, "ಎಲ್ಲೆ ಮಾಡಿದಿ?"

"ಅಂಬತ್ತೂರಲ್ಲೇ ಸರ್. ಅಕ್ಕತಂಗಿಯರದ್ದೂ ನೋಡಿದೆ. ಎಲ್ಲರದ್ದೂ ಹೀಗೇ."

"ನೀರು?"

ಚಿತ್ರವನ್ನು ಸರಿಸಿ ಕೊನೆಯ ಸಾಲನ್ನು ದೊಡ್ಡದು ಮಾಡಿದೆ. "ಇದು ನೀರು ಸರ್. ಅರೆಯುವ ಹೆಜ್ಜೆಯಿಂದಲೇ ಇಟ್ಟದ್ದು."

ಅಲ್ಲಿ ಏನೂ ಇರಲಿಲ್ಲ. ಬರೀ ಕಪ್ಪು. ಪಟ್ಟಿಗಳನ್ನು ಅವರು ನೋಡಿದ್ದು ಒಂದು ಗಳಿಗೆ, ಇದನ್ನು ನೋಡಿದರು, ನೋಡಿದರು, ನೋಡುತ್ತಲೇ ಇದ್ದರು. ಮತ್ತೆ ಪಟ್ಟಿಗಳ ಕಡೆಗೆ ಸರಿಸೋಣ ಅಂತ ಬೆರಳಿಟ್ಟರೆ, "ಬ್ಯಾಡ, ಅಲ್ಲೇ ಇರಲಿ" ಅಂದರು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಒರೆಸಿಕೊಳ್ಳಲಿಲ್ಲ. ಹೊದಿಕೆಯ ಕೆಳಗೆ ಕೈ ಅಲುಗಲಿಲ್ಲ.

ಅವರ ಹೆಂಡತಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಏನ್ರೀ ಅದು? ನನಗೇನೂ ಕಾಣವಲ್ದು. ಬರೇ ಕತ್ತಲಿ ಐತಿ."

"ಹೂಂ" ಅಂದರು. "ಏನೂ ಇಲ್ಲ. ಅದನ್ನ ನೋಡಾಕತ್ತೀನಿ."